ಮುಂಗುತಿ ಗುಡಿಸಿದ ಅಂಗಳ

ಮಕುಯೆನಿ ಸೀಮೆಯ ನಮ್ಮ ಕಡೆ ಮುದುಕ ಮುಂಗುತಿಯಷ್ಟು ಪೊರಕೆ ಹಿಡಿದ ಗಂಡಸು ಇನ್ನೊಬ್ಬನಿಲ್ಲ. ಹೆಂಡತಿ ಸತ್ತ ಮೇಲೆ ಮತ್ತೆ ಮದುವೆಯಾಗಲಿಲ್ಲ, ಗುಡಿಸುವುದನ್ನು ಕಲಿತ. "ಅಜ್ಜಾ, ನಿನ್ನ ಅಂಗಳಕ್ಕೆ ನೊಣಾನೂ ಕಾಲು ಒರೆಸ್ಕೊಂಡು ಬರತ್ತೆ" ಎಂದು ಚುಡಾಯಿಸಿದರೆ ಬೀಗುತ್ತಿದ್ದ. ಅವನ ಇನ್ನೊಂದು ಹೆಮ್ಮೆ ಮರಗಳಲ್ಲಿ ತೂಗುತ್ತಿದ್ದ ಮೂವತ್ತು ಜೇನುಗೂಡು. ದಿಮ್ಮಿ ಟೊಳ್ಳು ಮಾಡಿ ಅವನಪ್ಪ ಕೊರೆದಿಟ್ಟಂಥವು.

ಮಾವಿನ ಹೂವಿಗೆ ಹೊಡೆಯುವ ಹೊಸ ಕೀಟದ ಔಷಧಿ ಬರುವುದರಲ್ಲಿತ್ತು. ಮಾರುವ ಮೊದಲು ಅದು ಜೇನನ್ನು ಕೊಲ್ಲುತ್ತದೋ ಎಂದು ತೋಟದಲ್ಲೇ ಪರೀಕ್ಷೆಯಾಗಬೇಕು. ಮುಂಗುತಿ ಆರು ಗೂಡು ಪುಕ್ಕಟೆ ಕೊಟ್ಟ. "ಇದು ವಿಷ ಅಂತ ನಿಮ್ಮ ಪುಸ್ತಕದಲ್ಲೇ ಬರೀಲಿ. ಉಳಿದ ಇಪ್ಪತ್ನಾಲ್ಕಾದ್ರೂ ಬದುಕ್ತಾವೆ" ಎಂದ.

ಪರೀಕ್ಷೆ ನಡೆಸುವವರ ಕಡೆಯಿಂದ ಔಷಧಿ ಹೊಡೆದವನು ನಾನೇ. ಅವನ ಅಂಗಳದಂಚಿನ ಆ ಆರು ಗೂಡುಗಳ ಕೆಳಗೆ ಬಿಳಿ ಬಟ್ಟೆ ಹಾಸಿದ್ದೆವು. ಮಾರನೆಯ ಬೆಳಗ್ಗೆ ಅದರ ಮೇಲೆ ಸತ್ತು ಬಿದ್ದದ್ದನ್ನು ಎಣಿಸುವುದು ನನ್ನ ಜೊತೆಯ ಕಟುಂಗೆಯ ಕೆಲಸ, ಪರೀಕ್ಷೆಯ ಜೀವಾಳವೇ ಆ ಮೊದಲ ಎಣಿಕೆ. ಹೊರಡುವಾಗ ಆ ಹುಡುಗಿ ಮುದುಕನಿಗೆ ಹೇಳಿದ್ದಿಷ್ಟು: "ಅಜ್ಜಾ, ನಾಳೆ ನೈರೋಬಿಯಿಂದ ತಪಾಸಣೆ ಮೇಡಂ ಬರ್ತಾರೆ. ಎಲ್ಲ ಸರಿಯಾಗಿರ್ಲಿ." ಬಟ್ಟೆ ಮುಟ್ಟಬೇಡ ಎನ್ನಲು ಅವಳಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಬೆಳಗ್ಗೆ ಹೋದರೆ ನೆಲದ ತುಂಬ ಪೊರಕೆಯ ಗೆರೆ. ಬಟ್ಟೆಗಳು ಒಗೆದು ಬೇಲಿಯ ಮೇಲೆ ಒಣಗುತ್ತಿದ್ದವು.

"ಹುಳ ಎಲ್ಲಜ್ಜಾ?" ಕಟುಂಗೆ ಬಟ್ಟೆಗಳನ್ನು ಕೊಡವಿ ನೋಡಿದಳು.

"ಗುಂಡಿಗೆ ಹಾಕಿ ಸುಟ್ಟೆ. ಎರಡು ಮೊರ ತುಂಬಿತ್ತು. ದೂರದಿಂದ ಬರೋರ ಎದುರಿಗೆ ಹೆಣ ಹಾಸಿಡಕ್ಕಾಗುತ್ತಾ?"

ಮೇಡಂ ಬಂದರು, ಎಲ್ಲ ಕೇಳಿಸಿಕೊಂಡರು. "ಬಟ್ಟೆ ಮೇಲಿದ್ದದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ ಮೇಡಂ," ಎಂದಳು ಕಟುಂಗೆ.

"ಹಾಗಾದ್ರೆ ಎಣಿಕೆ ಇಲ್ಲ ಅಂತ ಬರೀರಿ. ಶಾಯಿಯಲ್ಲೇ. ಸಹಿ, ತಾರೀಖು ಹಾಕಿ."

"ನಾನು ನೋಡಿದೀನಲ್ಲಮ್ಮಾ," ಮುಂಗುತಿ ಮುಂದೆ ಬಂದ. "ಈ ಕೈಯಲ್ಲೇ ಬಾಚಿದೀನಿ."

"ನೀವು ತರಬೇತಿ ಪಡೆದೋರಲ್ಲ ಯಜಮಾನ್ರೇ," ಎಂದರು ಮೇಡಂ, ತುಂಬ ಮರ್ಯಾದೆಯಿಂದ. ಆಕೆ ಕೆಟ್ಟವಳಲ್ಲ, ಒಂದು ನಿಯಮವನ್ನೂ ಮುರಿಯಲಿಲ್ಲ. ಅದಕ್ಕೇ ನನಗೆ ಇಂದಿಗೂ ಮೈ ಉರಿಯುತ್ತದೆ.

ಆಮೇಲಿನ ದಿನಗಳಲ್ಲಿ ಬಟ್ಟೆಯ ಮೇಲೆ ಬಿದ್ದದ್ದು ನಾಲ್ಕೋ ಐದೋ. ಸಾಯಬೇಕಾದವು ಮೊದಲೇ ಸತ್ತಿದ್ದವು. ವರದಿಯ ಲೆಕ್ಕಕ್ಕೆ ಸಿಕ್ಕಿದ್ದು ಅಷ್ಟೇ.

ಮುಂದಿನ ಹೂವಿನ ಹೊತ್ತಿಗೆ ಆ ಔಷಧಿ ಎಲ್ಲ ಅಂಗಡಿಗಳಲ್ಲಿತ್ತು, ತಿಂಗಳೊಳಗೆ ಮುಂಗುತಿಯ ಇಪ್ಪತ್ನಾಲ್ಕೂ ಗೂಡು ಖಾಲಿ. ವರದಿಯ ಪ್ರತಿ ಹಿಡಿದು ಅವನಲ್ಲಿಗೆ ಹೋದೆ. ಬೈಸಿಕೊಂಡಾದರೂ ಹಗುರಾಗೋಣ ಎಂದುಕೊಂಡಿದ್ದೆನೇನೋ. ಅವನು ಅಂಗಳ ಗುಡಿಸುತ್ತಿದ್ದ. ಓದಿ ಹೇಳಿದೆ: "ಮೊದಲ ದಿನದ ಎಣಿಕೆ ಲಭ್ಯವಿಲ್ಲ. ಈ ಲೋಪದಿಂದ ಫಲಿತಾಂಶಕ್ಕೆ ಬಾಧೆಯಿಲ್ಲ."

"ನನ್ನ ಬಗ್ಗೆ ಏನಾದ್ರೂ ಬರ್ದಿದಾರಾ?"

ಬರೆದಿದ್ದರು, ಕೊನೆಯ ಪುಟದಲ್ಲಿ. "ಪರೀಕ್ಷೆಯ ಸ್ಥಳ ಅತ್ಯಂತ ಶುಚಿಯಾಗಿತ್ತು."

"ಇನ್ನೊಂದ್ಸಲ ಓದು."

ಓದಿದೆ. ಮುಂಗುತಿ ಪೊರಕೆಯನ್ನು ಒಯ್ದು ಜೇನು ಸುಟ್ಟ ಅದೇ ಗುಂಡಿಗೆ ಹಾಕಿ ಬೆಂಕಿ ಕೊಟ್ಟ.