ಬಲಗಡೆಯ ಮುಂದಿನ ಚಕ್ರ

ನಯವಾಗಿ ಮಾತಾಡುವ ಗಂಡಸರನ್ನು ಕಂಡರೆ ನನಗೆ ಆಗುವುದಿಲ್ಲ. ರಾಯಾಪುರದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಟರ್ಬೊ ಕಾರುಗಳ ಶಕ್ತಿ ಹೆಚ್ಚಿಸಿಕೊಡುತ್ತಿದ್ದ ಆ ಮನುಷ್ಯ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಅವನ ಅಂಗಿಗೆ ಎಣ್ಣೆಯ ಕಲೆ ಕಂಡವರಿಲ್ಲ. ನಾನೋ ಹಳೇ ಹುಬ್ಬಳ್ಳಿಯ ಗಲ್ಲಿಯಲ್ಲಿ ಇಪ್ಪತ್ತು ವರ್ಷ ಕಾರುಗಳ ಕೆಳಗೆ ಅಂಗಾತ ಮಲಗಿದವನು. ಈಗ ನನ್ನ ಗಿರಾಕಿಗಳ ಬಾಯಲ್ಲೂ ಅವನದೇ ಹೆಸರು. ಹಾಗಾಗಿ ಅವನು ಟ್ಯೂನ್ ಮಾಡಿದ್ದ ಕಾರೊಂದು ಕೈಕೊಟ್ಟು ನನ್ನ ಗ್ಯಾರೇಜಿಗೆ ಬಂದಾಗ ನನಗೆ ಒಳಗೊಳಗೇ ಖುಷಿಯಾಯಿತು.

ಆ ಕಾರು ಹತ್ತಿಯ ವ್ಯಾಪಾರಿಯೊಬ್ಬರದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ, ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗಿ ಎಂಜಿನ್ ಸಪ್ಪಗಾಗುತ್ತಿತ್ತು. ಒಮ್ಮೆ ಲಾರಿಯೊಂದು ಬೆನ್ನಿಗೇ ಬರುತ್ತಿದ್ದಾಗ ಎಂಜಿನ್ ಹೀಗೆ ಸಪ್ಪಗಾಗಿ ಅವರ ಹೆಂಡತಿ ಕಿರುಚಿಕೊಂಡಿದ್ದರಂತೆ.

"ಅಂಥವರ ಕೈಯಾಗ ಯಾಕ ಕೊಟ್ರಿ? ಎಂಜಿನ್ನಿನ ಜೀವಾನ ತಗದಾನ ಅಂವಾ" ಎಂದೆ. ಗ್ಯಾರೇಜಿನಲ್ಲಿ ಇನ್ನೂ ನಾಲ್ಕು ಗಿರಾಕಿಗಳು ಕೂತಿದ್ದರು. ಅವರಿಗೂ ಕೇಳಲೆಂದೇ ದನಿ ಏರಿಸಿದ್ದೆ.

ಟ್ಯೂನ್ ಮಾಡಿಸಿದ ಮೇಲೂ ಆ ಕಾರು ಆರು ತಿಂಗಳು ಚೆನ್ನಾಗಿಯೇ ಓಡಿತ್ತು. ಅದನ್ನು ನಾನು ಯೋಚಿಸಲಿಲ್ಲ, ಯೋಚಿಸುವ ಮನಸ್ಸೂ ಇರಲಿಲ್ಲ. ಮೂರು ದಿನ ಟರ್ಬೊ ಬಿಚ್ಚಿದೆ, ಗಾಳಿಯ ಪೈಪುಗಳಿಗೆ ಹೊಗೆ ಹಾಯಿಸಿ ಸೋರಿಕೆ ಹುಡುಕಿದೆ. ಅವನ ತಪ್ಪು ಒಂದೂ ಸಿಗಲಿಲ್ಲ. ಸಿಗಲಿಲ್ಲವೆಂದು ಮೈಯೆಲ್ಲ ಉರಿಯಿತು.

ನನ್ನ ಮಾತು ಕಿವಿಗೆ ಬಿದ್ದು ನಾಲ್ಕನೆಯ ದಿನ ಆ ರಾಯಾಪುರದವನೇ ಬಂದ. ತಾನು ಮಾಡಿದ್ದ ಬದಲಾವಣೆಯನ್ನೆಲ್ಲ ಅಳಿಸಿ, ಕಾರಿಗೆ ಮೊದಲಿದ್ದ ಸೆಟ್ಟಿಂಗನ್ನೇ ಹಾಕಿದ. ಇಬ್ಬರೂ ಒಂದು ಸುತ್ತು ಹೋದೆವು. ದೀಪ ಮತ್ತೆ ಮಿನುಗಿತು.

"ಈಗ ಅದರಾಗ ನನ್ನ ಕೆಲಸ ಏನೂ ಉಳದಿಲ್ರಿ. ಚಕ್ರದ ವೇಗ ಒಮ್ಮೆ ನೋಡೋಣಲ್ರಿ?" ಎಂದ.

ಕಾರು ಓಡುತ್ತಿರುವಾಗಲೇ ಅವನ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಮೂರು ಚಕ್ರಗಳು ಅರವತ್ತು ತೋರಿಸುತ್ತಿದ್ದರೆ ಬಲಗಡೆಯ ಮುಂದಿನದು ನಲವತ್ತಕ್ಕೂ ಎಂಬತ್ತಕ್ಕೂ ಜಿಗಿಯುತ್ತಿತ್ತು. ಚಕ್ರ ಜಾರುತ್ತಿದೆಯೆಂದು ತಿಳಿದು ಕಾರು ತಾನೇ ಎಂಜಿನ್ನಿನ ಕತ್ತು ಹಿಚುಕುತ್ತಿತ್ತು. ಆ ಚಕ್ರದ ಬೇರಿಂಗ್ ಹಾಕಿದವನು ನಾನು, ದೀಪ ಮಿನುಗುವುದಕ್ಕೆ ವಾರ ಮೊದಲು. ವೇಗ ಎಣಿಸಲೆಂದು ಆ ಬೇರಿಂಗಿನ ಅಂಚಿನಲ್ಲಿ ತೆಳುವಾದ ಅಯಸ್ಕಾಂತದ ಪಟ್ಟಿ ಇರುತ್ತದೆ. ಬೋಲ್ಟು ಕಳೆಯಬಾರದೆಂದು ನಾವೆಲ್ಲ ಹಳೆಯ ಲೌಡ್‌ಸ್ಪೀಕರಿನ ಅಯಸ್ಕಾಂತವನ್ನು ಮೇಜಿನ ಮೇಲೆ ಇಟ್ಟುಕೊಳ್ಳುತ್ತೇವೆ. ಹೊಸ ಬೇರಿಂಗನ್ನೂ ನಾನು ಒಂದು ಇಡೀ ಮಧ್ಯಾಹ್ನ ಅದರ ಮೇಲೇ ಇಟ್ಟಿದ್ದೆ. ಅದರ ಸೆಳೆತಕ್ಕೆ ಪಟ್ಟಿ ಕೆಟ್ಟು ಹೋಗಿತ್ತು.

ಗ್ಯಾರೇಜಿಗೆ ಮರಳಿದಾಗ ಅವನು ಮೇಜಿನ ಮೇಲಿದ್ದ ಅಯಸ್ಕಾಂತವನ್ನು ಒಮ್ಮೆ ನೋಡಿ ಲ್ಯಾಪ್‌ಟಾಪ್ ಮುಚ್ಚಿದ. ಬೈದಿದ್ದರೆ ನಾನೂ ಬೈಯುತ್ತಿದ್ದೆ.

"ತಪ್ಪು ಯಾರಿಂದರ ಆಗತೈತ್ರಿ" ಎಂದ. "ಆದರ ನಿಮ್ಮ ಮಾತು ಕೇಳಿ ನನ್ನ ಕಡೆ ಬರೋ ಗಾಡಿ ನಿಂತಾವ. ಆವತ್ತು ಕೂತಿದ್ದವರಿಗೂ ಕಾರಿನ ಸಾಹುಕಾರ್ರಿಗೂ ಖರೇ ಏನಂತ ಹೇಳಿಬಿಡ್ರಿ. ನನಗ ಅಷ್ಟ ಸಾಕು."

"ಹೇಳ್ತೇನಿ" ಎಂದೆ.

ಹೊಸ ಬೇರಿಂಗ್ ಹಾಕಿದೆ. ಕಾರು ಏರನ್ನು ಒಂದೇ ಉಸಿರಿಗೆ ಹತ್ತಿತು. ಸಂಜೆ ವ್ಯಾಪಾರಿ ಬಂದು, "ಏನಾಗಿತ್ತು ಅದಕ್ಕ?" ಎಂದು ಕೇಳಿದರು. ಆವತ್ತಿನ ನಾಲ್ವರಲ್ಲಿ ಇಬ್ಬರು ಅಲ್ಲೇ ಇದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಅವನ ಸೆಟ್ಟಿಂಗ್ ತಗದ ಮ್ಯಾಲೆ ಸರಿಯಾತ್ರಿ" ಎಂದೆ.

ತಿಂಗಳ ಮೇಲೆ ಅವನ ಫೋನ್ ಬಂತು. ಅಂಗಡಿ ಖಾಲಿ ಮಾಡುತ್ತಿದ್ದೇನೆ ಎಂದ. ಆಮೇಲೆ ಮೆಲ್ಲಗೆ, "ಅವರಿಗೆ ಹೇಳಿದ್ರೇನ್ರಿ?" ಎಂದು ಕೇಳಿದ.

"ಆವತ್ತ ಹೇಳೇನಿ."

"ಭಾಳ ಉಪಕಾರಾತ್ರಿ" ಎಂದ.

ಎದುರಿಗಿದ್ದಿದ್ದರೆ, ನನ್ನ ಸುಳ್ಳನ್ನೂ ನಂಬುವ ಆ ನಯಕ್ಕೇ ಅವನ ಕೆನ್ನೆಗೆ ಬಾರಿಸುತ್ತಿದ್ದೆ.