ಬೋರ್ಡು ಪಾಸಾಯಿತು

"ಅಣ್ಣಾ, ಇದ್ರಲ್ಲಿ ಒಳ್ಳೆ ಚಿನ್ನ ಐತೆ. ಎಲ್ಲಿ ಸಿಕ್ತು?"

ನಾನು ಜೋಪಾನವಾಗಿ ಡಬ್ಬಿಯಲ್ಲಿಟ್ಟುಕೊಂಡಿದ್ದ ಕಂಪ್ಯೂಟರ್ ಚಿಪ್ಪನ್ನು ಬೆಳಕಿಗೆ ಹಿಡಿದು ನಾರಾಯಣಮ್ಮ ಕೇಳಿದಳು. ಮೊದಲು ಇಲ್ಲಿ ಕೊಡಮ್ಮ ಎಂದು ಕಿತ್ತುಕೊಂಡೆ.

ನಾರಾಯಣಮ್ಮ ನನ್ನ ಚಿಕ್ಕಮ್ಮನ ಮಗಳು. (ಹೆಸರು ಬದಲಿಸಿದ್ದೇನೆ. ಯಾಕೆ ಅಂತ ಕೊನೆಗೆ ನಿಮಗೇ ತಿಳಿಯುತ್ತದೆ.) ಬೂದಿಕೋಟೆ ಕಡೆಯ ಹಳ್ಳಿಯಿಂದ ಬೆಳಗ್ಗೆ ಬಸ್ಸಿನಲ್ಲಿ ಬಂಗಾರಪೇಟೆಗೆ ಬರುತ್ತಾಳೆ. ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿಯುತ್ತಾಳೆ. ಅಲ್ಲೊಂದು ಶೆಡ್ಡು. ಬೆಂಗಳೂರಿನ ಗುಜರಿಯಿಂದ ಹಳೇ ಕಂಪ್ಯೂಟರ್ ಬೋರ್ಡುಗಳು ಅಲ್ಲಿಗೆ ಮೂಟೆಗಟ್ಟಲೆ ಬಂದು ಬೀಳುತ್ತವೆ. ಚಿಪ್ ಕಿತ್ತು, ಸುಟ್ಟು, ಪುಡಿ ಮಾಡಿ, ಆಸಿಡ್ಡಿಗೆ ಹಾಕಿದರೆ ತಳದಲ್ಲಿ ಒಂದಿಷ್ಟು ಚಿನ್ನ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಚಿನ್ನ ತೆಗೆಯುವುದು ನಿಂತುಹೋಯಿತು ಅಂತ ನಿಮಗೆ ಯಾರು ಹೇಳಿದ್ದು?

ಅವಳ ಬೆರಳುಗಳೆಲ್ಲ ಹಳದಿ. ಅರಿಶಿನ ಅಂದುಕೊಳ್ಳಬೇಡಿ, ಆಸಿಡ್. ಮೇಲೆ ಕೆಮ್ಮು ಬೇರೆ. ಎರಡು ಮಾತಾಡಿದರೆ ನಾಲ್ಕು ಸಲ ಕೆಮ್ಮುತ್ತಾಳೆ. ಅವಳ ತಂಗಿ ಗೌರಿ ಊರಲ್ಲೇ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು ಗುಂಡುಕಲ್ಲಿನ ಹಾಗಿದ್ದಾಳೆ. ಹಾಲಿನ ದುಡ್ಡಲ್ಲಿ ಎರಡು ಸಂಸಾರ ನಡೆಯುವುದಿಲ್ಲ. ಅದಕ್ಕೇ ಅಕ್ಕ ಶೆಡ್ಡಿಗೆ.

ನನಗೆ ಹಳೇ ಕಂಪ್ಯೂಟರುಗಳ ಹುಚ್ಚು ಅಂತ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ನಮ್ಮ ಮನೆಯವಳು ಅದಕ್ಕೂ ಗುಜರಿ ಅಂತಲೇ ಅನ್ನುತ್ತಾಳೆ.) ಬೆಂಗಳೂರಿನಲ್ಲಿ ಇದೇ ಹುಚ್ಚಿನ ಗೆಳೆಯನೊಬ್ಬನಿದ್ದಾನೆ. ಅವನು ಜಾಣ, ಹುಚ್ಚನ್ನೇ ವ್ಯಾಪಾರ ಮಾಡಿಕೊಂಡಿದ್ದಾನೆ. ಹಳೇ ಬೋರ್ಡುಗಳನ್ನು ರಿಪೇರಿ ಮಾಡಿ ಶೋಕಿಯವರಿಗೆ ಮಾರುತ್ತಾನೆ. ಕೈ ಚುರುಕಿರುವ ಒಬ್ಬರು ಬೇಕು ಅಂದ. ನಾನು ನಾರಾಯಣಮ್ಮನ ವಿಷಯ ಹೇಳಿದೆ.

"ಒಂದು ಸತ್ತ ಬೋರ್ಡನ್ನ ಬದುಕಿಸಿ ತೋರಿಸ್ಲಿ, ಕೆಲಸ ಕೊಡ್ತೀನಿ" ಅಂದ.

ಆಸಿಡ್ ಇಲ್ಲ. ಹೊಗೆ ಇಲ್ಲ. ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಮಾಡುವ ಕೆಲಸ. ಇನ್ನೇನು ಬೇಕು?

ಹೋದ ಭಾನುವಾರ ಅವಳು ಶೆಡ್ಡಿನವನನ್ನು ಕೇಳಿ ಒಂದೇ ಥರದ ಎರಡು ಬೋರ್ಡು ತಂದಳು. ಒಂದು ಅರ್ಧಕ್ಕೆ ಮುರಿದಿತ್ತು. ಇನ್ನೊಂದು ಇಡಿಯಾಗಿತ್ತು, ಆದರೆ ಕರೆಂಟು ಕೊಟ್ಟರೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ.

ಇಂಥ ಬೋರ್ಡುಗಳಿಗೆ ನನ್ನ ಡಬ್ಬಿಯಲ್ಲಿರುವ ಚಿಪ್ಪೇ ಡಾಕ್ಟರು. ಬೋರ್ಡಿನ ಸ್ವಂತ ಚಿಪ್ ಒಂದನ್ನು ಕಿತ್ತು ಆ ಜಾಗದಲ್ಲಿ ಇದನ್ನು ಕೂರಿಸಬೇಕು. ಅದು ಮೆಮೊರಿ ಚಿಪ್ಪುಗಳ ಒಂದೊಂದು ಮನೆಗೂ ಒಂದು ಅಂಕಿ ಕೊಡುತ್ತದೆ, ಆಮೇಲೆ ಎಲ್ಲಿ ತಾ ಅನ್ನುತ್ತದೆ. ಕೊಟ್ಟದ್ದು ಹಾಗೇ ವಾಪಸ್ ಬಂದರೆ ಸರಿ. ಬರದಿದ್ದರೆ ಯಾವ ಚಿಪ್ಪು ಸತ್ತಿದೆ ಅಂತ ಸ್ಕ್ರೀನಿನ ಮೇಲೆ ತೋರಿಸುತ್ತದೆ.

ಗೆಳೆಯನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ನಾರಾಯಣಮ್ಮ ಇಡೀ ಬೋರ್ಡಿನಲ್ಲಿ ನನ್ನ ಡಬ್ಬಿಯ ಚಿಪ್ ಕೂರಿಸಿದಳು. ಮೆಮೊರಿ ಚಿಪ್ಪುಗಳ ಮೊದಲ ಸಾಲು ಪಾಸ್. ಎರಡನೇ ಸಾಲಿನಲ್ಲಿ ಒಂದು ಫೇಲ್. ಯಾವುದು ಅಂತ ನಾನು ತೋರಿಸಿದೆ.

"ಇವ್ನೇನಾ ಕಳ್ಳ?" ಎಂದವಳು ಸಣ್ಣ ಸ್ಕ್ರೂಡ್ರೈವರಿನಲ್ಲಿ ಅದನ್ನು ಮೀಟಿ ತೆಗೆದಳು. ಮುರಿದ ಬೋರ್ಡಿನಿಂದ ಅದೇ ಥರದ ಇನ್ನೊಂದನ್ನು ಕಿತ್ತು, ಅದರ ಒಂದು ಕಾಲೂ ಬಾಗದ ಹಾಗೆ ಅಲ್ಲಿ ಒತ್ತಿದಳು. ಮತ್ತೆ ಟೆಸ್ಟ್. ಅದು ಮುಗಿಯುವಷ್ಟರಲ್ಲಿ ಕಾಫಿ ಆರಿತು, ಅವಳ ಕೆಮ್ಮು ಮಾತ್ರ ಆರಲಿಲ್ಲ.

ಪಾಸ್! ಎಲ್ಲಾ ಸಾಲೂ ಪಾಸ್! ನನಗೆ ಖುಷಿಗೆ ಕಣ್ಣಲ್ಲಿ ನೀರೇ ಬಂತು ಕಣ್ರೀ.

ಫೋನಿನಲ್ಲಿ ಗೆಳೆಯ ಚಪ್ಪಾಳೆ ತಟ್ಟಿದ. ಆಮೇಲೆ ಗಂಟಲು ಸರಿ ಮಾಡಿಕೊಂಡ. "ಕೈ ಚೆನ್ನಾಗಿದೆ. ಆದ್ರೆ ಆ ಕೆಮ್ಮು? ನಾವೆಲ್ಲಾ ಒಂದೇ ರೂಮಲ್ಲಿ ಕೂತ್ಕೋತೀವಿ. ಎದೆ ಎಕ್ಸ್‌ರೇ ಮಾಡಿಸಿ ಕಳಿಸಿ. ಕ್ಲಿಯರ್ ಇದ್ರೆ ಮುಂದಿನ ಸೋಮವಾರದಿಂದ ಬರ್ಲಿ." ಕಾಲ್ ಕಟ್ಟಾಯಿತು.

ಅವನನ್ನು ಬೈಯೋಣವೇ? ಆ ರೂಮಿನಲ್ಲಿ ಕೂರುವವರಿಗೂ ಮನೆ ಮಠ ಇರುತ್ತದಲ್ಲ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಕೆಮ್ಮು ಹತ್ತಿಸಿದ ಶೆಡ್ಡಿನವನು ಒಂದು ದಿನವೂ ಎಕ್ಸ್‌ರೇ ಕೇಳಲಿಲ್ಲ. ಅಲ್ಲಿಂದ ಬಿಡಿಸಿಕೊಂಡು ಬರುವ ಬಾಗಿಲಲ್ಲಿ ಕೇಳುತ್ತಾರೆ!

ನಾರಾಯಣಮ್ಮ ಈಗಷ್ಟೇ ಕೂರಿಸಿದ ಚಿಪ್ಪನ್ನೇ ನೋಡುತ್ತಿದ್ದಳು.

"ನಮ್ಮಪ್ಪನೂ ಇಂಗೇ ಪಾಸಾಗಿದ್ದು ಕಣಣ್ಣ."

ಅವಳಪ್ಪ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು, ಕೆಮ್ಮಿ ಕೆಮ್ಮಿಯೇ ಹೋದವರು. ಅಷ್ಟು ನನಗೂ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

"ಎದೆ ಫೋಟೋ ತೆಗೀತಾರೆ ಅಂತ ಗೊತ್ತಾಯ್ತು. ಕೆಟ್ಟೈತೆ ಅಂದ್ರೆ ಕೆಳಕ್ಕೆ ಇಳ್ಸಲ್ಲ, ಸಂಬಳ ಕಮ್ಮಿ. ಅಪ್ಪ ಏನ್ ಮಾಡ್ದ? ನಮ್ಮ ಚಿಕ್ಕಪ್ಪನ್ನ ಕರ್ಕೊಂಡೋಗಿ ತನ್ನ ಎಸ್ರಲ್ಲಿ ನಿಲ್ಸ್‌ಬಿಟ್ಟ. ಚಿಕ್ಕಪ್ಪ ಬೇಸಾಯದೋನು, ಎದೆ ಗಟ್ಟಿ. ಪಾಸು. ಅಪ್ಪ ಮತ್ತೆ ಕೆಳಕ್ಕಿಳ್ದ."

ನಾನು ಹಿರಿಯಣ್ಣನ ಗತ್ತಿನಲ್ಲಿ ಬೈದೆ. ಆ ಕಾಲ ಬೇರೆ, ಈ ಕಾಲ ಬೇರೆ. ನಾಳೆಯೇ ಹೋಗು, ಏನಾದರೂ ಸಿಕ್ಕರೆ ಔಷಧಿ ತಗೊಂಡರಾಯಿತು.

ಅವಳು ಬೋರ್ಡಿನ ಮೇಲೆ ಹಳದಿ ಬೆರಳಿಟ್ಟಳು. "ಇದ್ರಲ್ಲಿ ಕೆಟ್ಟಿದ್ದು ಸಿಕ್ತು, ಕಿತ್ತು ಬೇರೇದು ಆಕ್ದೆ. ನನ್ನೆದೇಲಿ ಸಿಕ್ರೆ ಏನ್ ಆಕ್ತೀಯಣ್ಣ?"

ನಾನು ನನ್ನ ಚಿಪ್ಪನ್ನು ಬೋರ್ಡಿನಿಂದ ಕಿತ್ತು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಪ್ರತಿ ವಾರ ಇಲ್ಲಿ ನಿಮಗೆ ಬುದ್ಧಿ ಹೇಳುವವನು ನಾನೇ.

ಗುರುವಾರ ಸಂಜೆ ಅವಳ ಫೋನು.

"ಅಣ್ಣಾ, ಪಾಸು! ಎದೇಲಿ ಏನೂ ಇಲ್ವಂತೆ, ಎಲ್ಲಾ ಕ್ಲೀನಂತೆ. ಸೋಮವಾರದಿಂದ ಬತ್ತಾಳೆ ಅಂತ ಏಳ್ಬಿಡು ಅವ್ರಿಗೆ."

ದೇವರು ದೊಡ್ಡವನು ಅಂದೆ. ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಸಾಮಾನ್ಯದ ಕೆಮ್ಮಲ್ಲ, ಕರುಳು ಕಿತ್ತು ಬರುವಂಥದ್ದು. ಫೋನನ್ನು ದೂರ ಹಿಡಿದುಕೊಂಡಳು ಅಂತ ಕಾಣುತ್ತದೆ. ಹಿಂದಿನಿಂದ ಗೌರಿಯ ದನಿ ಕೇಳಿಸಿತು, "ಅಕ್ಕಾ, ನೀರ್ ಕುಡಿ, ನೀರ್ ಕುಡಿ." ಗಟ್ಟಿ ದನಿ, ಎಲ್ಲೂ ತಡೆಯಿಲ್ಲ.

ಎಕ್ಸ್‌ರೇಗೆ ನಿಂತಿದ್ದು ನೀನಾ, ಗೌರೀನಾ? ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಗೆಳೆಯನಿಗೆ ಫೋನ್ ಮಾಡಿ, ಕ್ಲಿಯರ್ ಅಂತೆ, ಬರುತ್ತಾಳೆ ಅಂದೆ. (ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಈ ಅಂಕಣ ಓದಲು ಬರುವುದಿಲ್ಲ. ಸದ್ಯ.)

ಕೇಳಬೇಕಿತ್ತು ಅನ್ನುತ್ತೀರಾ? ಸರಿ, ಈಗಲೇ ಕೇಳುತ್ತೇನೆ. ಕೇಳಿದ ಮೇಲೆ, ನಾಳೆ ಸೋಮವಾರ ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವಳು ಯಾವ ಕಡೆಯ ರೈಲು ಹತ್ತಬೇಕು, ಬೆಂಗಳೂರಿನದೋ ಮಾರಿಕುಪ್ಪಂದೋ, ಅದನ್ನೂ ನೀವೇ ಹೇಳುತ್ತೀರಾ?