ಮನಿಗೊಂದು ಖೂನ

ಹೋದ ತಿಂಗಳು ಬೀದರ ಪಕ್ಕದ ಕೊಳಾರದಲ್ಲಿ, ನಮ್ಮ ಕಚೇರಿಯ ಗೇಟಿನ ಎದುರಿಗೆ ಪ್ರಚಾರದ ಆಟೊ ಒಂದು ಕೆಟ್ಟು ನಿಂತಿತ್ತು. ಚಾಲಕ ಸೀಟು ಎತ್ತಿ ಬ್ಯಾಟರಿಗೆ ನೀರು ಹಾಕುತ್ತಿದ್ದ. ಕಾರ್ಖಾನೆಗಳ ಹೊಗೆಯ ನಡುವೆಯೂ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಊಟದ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಭಾಲ್ಕಿಯಲ್ಲಿ ನಮ್ಮ ಮನೆಯ ಗೋಡೆಗೆ ಒತ್ತಿ ನಿಲ್ಲುತ್ತಿದ್ದ ಇನ್ನೊಂದು ಆಟೊಗೂ ಇದೇ ವಾಸನೆ ಇತ್ತು...

ಅದು ಪಕ್ಕದ ಮನೆಯ ಚಾಚಾನ ಆಟೊ. ಏಲಾನ್ ಅಂದರೆ ಡಂಗುರ ಸಾರುವುದು ಅವರ ಕಸುಬು. ಹಾಗಾಗಿ ಊರಿಗೆಲ್ಲ ಅವರು ಏಲಾನ್ ಚಾಚಾ. ನಲ್ಲಿಯಲ್ಲಿ ನೀರು ಯಾವಾಗ ಬಿಡುತ್ತಾರೆ, ಯಾರ ಎಮ್ಮೆ ಕಳೆದಿದೆ, ಯಾರ ಮನೆಯಲ್ಲಿ ಸಾವಾಗಿದೆ, ಎಲ್ಲವೂ ಊರಿಗೆ ಗೊತ್ತಾಗುತ್ತಿದ್ದದ್ದು ಆ ಗಂಟಲಿನಿಂದ. ಒಂದು ಓಣಿಯಲ್ಲಿ ಕನ್ನಡ, ಮುಂದಿನದರಲ್ಲಿ ಮರಾಠಿ, ಅದರಾಚೆ ದಖನಿ ಉರ್ದು. ಗಾಡಿ ತಿರುಗಿದ ಹಾಗೆ ನಾಲಿಗೆಯೂ ತಿರುಗುತ್ತಿತ್ತು. ನಾನು ಶಾಲೆಗೆ ತಡವಾಗಿ ಓಡುತ್ತಿದ್ದರೆ ಮೈಕಿನಲ್ಲೇ, "ಈ ಹುಡುಗಿ ಇವತ್ತೂ ಜಡಿ ಹಾಕ್ಕೊಂಡಿಲ್ರಿ, ಎಲ್ಲಾರೂ ನೋಡ್ರಿ" ಎಂದು ಸಾರಿ ಮಾನ ಕಳೆದು, ಆಮೇಲೆ ಗಾಡಿಗೆ ಹತ್ತಿಸಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮರುದಿನ ಅವರ ಗಾಡಿ ಕಾಣದಿದ್ದರೆ ಬೇಜಾರೂ ಆಗುತ್ತಿತ್ತು.

ನಾನು ಭಾಲ್ಕಿಯಲ್ಲೇ ಇದ್ದು ಬೀದರಿಗೆ ಕೆಲಸಕ್ಕೆ ಓಡಾಡುತ್ತಿದ್ದ ಕಾಲಕ್ಕೆ ಒಂದು ಚುನಾವಣೆ ಬಂತು. ನೌಕರಿಯಿಂದ ನಿವೃತ್ತರಾಗಿದ್ದ ಔರಾದ ಕಡೆಯ ನರ್ಸಬಾಯಿಯೊಬ್ಬರು ಪಕ್ಷೇತರರಾಗಿ ನಿಂತರು. ಅವರದು ಒಂದೇ ಮಾತು. ಹೆರಿಗೆಗೆ ಬಂದ ಹೆಂಗಸರನ್ನು ಬೀದರಿಗೆ ಕಳಿಸುವುದು ನಿಲ್ಲಬೇಕು. ದಾರಿಯಲ್ಲಿ, ಜೀಪಿನಲ್ಲಿ ಹೆತ್ತವರನ್ನು ತಾನು ಕಣ್ಣಾರೆ ಕಂಡಿದ್ದೇನೆ, ಔರಾದ ಆಸ್ಪತ್ರೆಯ ಹೆರಿಗೆ ಕೋಣೆಗೆ ಹಾಕಿರುವ ಬೀಗ ತೆಗೆಸಬೇಕು. ಅವರಿಗೆ ಸಿಕ್ಕ ಚುನಾವಣಾ ಗುರುತು ಮಂಚ, ನಮ್ಮ ಕಡೆಯ ಮಾತಿನಲ್ಲಿ ಖಾಟು. ಮೈಕಿಗೆ ಚಾಚಾನನ್ನೇ ಕರೆದರು. ಚಾಚಾನ ಮಗಳ ಹೆರಿಗೆ ಮಾಡಿಸಿದ್ದೇ ಆ ನರ್ಸಬಾಯಿ ಅಂತೆ. ಕೇಳುವುದೇನಿದೆ, ಚಾಚಾ ಗಾಡಿ ತೊಳೆದು ಹೊರಟೇಬಿಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಗುರುತಿಗೆ 'ಖೂನ' ಅನ್ನುತ್ತಾರೆ. ದನದ ಮೈಮೇಲಿನ ಖೂನ, ಹೊಲದ ಬದುವಿನ ಖೂನ. ಬಹಳ ದಿನಕ್ಕೆ ಸಿಕ್ಕವರು ಮೊದಲು ಕೇಳುವುದೇ 'ಖೂನ ಸಿಕ್ತೇನು' ಎಂದು. ದಖನಿಯಲ್ಲಿ ಖೂನ್ ಅಂದರೆ ರಕ್ತ, ಪುಸ್ತಕದ ಕನ್ನಡದಲ್ಲಿ ಖೂನಿ ಅಂದರೆ ಕೊಲೆ, ಅದೂ ಎಲ್ಲರಿಗೂ ಗೊತ್ತು. ಆದರೂ ಯಾವ ಖೂನ ಯಾವುದು ಎಂದು ಈ ಸೀಮೆಯಲ್ಲಿ ಒಬ್ಬರಿಗೂ ಗೊಂದಲವಾದದ್ದಿಲ್ಲ. ಒಪ್ಪಿದ ಮನೆಯವರು ಬಾಗಿಲ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಪುಟ್ಟ ಖಾಟು ಬರೆದುಕೊಳ್ಳಲಿ ಎಂದು ನರ್ಸಬಾಯಿಯ ಆಸೆ. ಅದನ್ನು ಚಾಚಾ ತಮ್ಮ ರಾಗಕ್ಕೆ ಕೂರಿಸಿದರು: "ಖಾಟಿನ ಖೂನ ಮರೀಬ್ಯಾಡ್ರಿ ಅಕ್ಕಾರ, ಮನಿಗೊಂದು ಖೂನ ಮಾಡ್ರಿ."

ಬೆಂಗಳೂರಿನ ಟಿವಿಯವರು ಒಂದು ದಿನ ಔರಾದಿಗೆ ಬಂದರು. ನರ್ಸಬಾಯಿ ಸಂಭ್ರಮದಿಂದ ಬೀಗ ಬಿದ್ದ ಕೋಣೆ ತೋರಿಸಿದರು, ದಾರಿಯಲ್ಲಿ ಹೆತ್ತ ಹೆಂಗಸರನ್ನು ಕರೆಸಿ ಮಾತಾಡಿಸಿದರು. ಅವರಿಗೆ ಬಂದ ಪ್ರಶ್ನೆ ಏನು ಗೊತ್ತೇ? ಯಾವಾಗಲೂ ಬಿಳಿ ಸೀರೆಯೇ ಯಾಕೆ, ಗೆದ್ದರೆ ವಿಧಾನಸೌಧದಲ್ಲಿ ಮಂಚ ಹಾಕಿಕೊಳ್ಳುತ್ತೀರಾ. ಟಿವಿಯವರು ಹೊರಡುವಾಗ ಎದುರಿಗೆ ಚಾಚಾನ ಆಟೊ ಬಂತು. ಕ್ಯಾಮೆರಾ ಅತ್ತ ತಿರುಗಿತು.

ಸಂಜೆ ನಮ್ಮ ಮನೆಯ ಟಿವಿಯಲ್ಲಿ ಚಾಚಾ ಕಂಡರು. ನನಗೆ ಮೊದಲು ಖುಷಿಯೇ ಆಯಿತು, ಅವ್ವನನ್ನು ಕೂಗಿ ಕರೆದೆ. ಆಮೇಲೆ ಕೆಳಗಿನ ಅಕ್ಷರ ಓದಿದೆ. 'ಮನೆಗೊಂದು ಖೂನಿ ಮಾಡಿ ಎಂದನೇ ಪ್ರಚಾರಕ?' ಅವರ ಟೋಪಿಯ ಸುತ್ತ ಒಂದು ಕೆಂಪು ವೃತ್ತ. ಖಾಟಿನ ಮಾತು ಕತ್ತರಿಸಿ ಹೋಗಿತ್ತು. ಉಳಿದ ತುಂಡು ಮತ್ತೆ ಮತ್ತೆ, ಮತ್ತೆ ಮತ್ತೆ... ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಾಲ್ಕು ಜನ ಕುಳಿತು ಅದರ ಮೇಲೆ ಕಿರುಚಾಡಿದರು. ಬೀಗ ಬಿದ್ದ ಕೋಣೆ ಒಂದು ಕ್ಷಣವೂ ಬರಲಿಲ್ಲ. ಅವ್ವ ನಮ್ಮ ಟಿವಿ ಆರಿಸಿದಳು. ಗೋಡೆಯ ಆಚೆ ಚಾಚಾನ ಮನೆಯಲ್ಲಿ ಅದೇ ದನಿ ಇನ್ನೂ ಓಡುತ್ತಿತ್ತು.

ನಾನು ಚಾನೆಲ್ಲಿಗೆ ಫೋನು ಹಚ್ಚಿದೆ. ಖೂನ ಎಂದರೆ ಗುರುತು ಎಂದು ಆ ಕಡೆಯ ಹುಡುಗಿಗೆ ಬಿಡಿಸಿ ಹೇಳಿದೆ. ಅವಳು ಬಹಳ ಮರ್ಯಾದೆಯಿಂದಲೇ ಕೇಳಿಸಿಕೊಂಡಳು.

"ನಾವು ಅವರು ಹಾಗಂದ್ರು ಅಂತ ಎಲ್ಲೂ ಹೇಳಿಲ್ಲ ಮೇಡಂ. ಕೊನೇಲಿ ಪ್ರಶ್ನೆ ಚಿಹ್ನೆ ಹಾಕಿದೀವಿ, ನೋಡಿ" ಎಂದಳು.

ಚಾಚಾನಿಗೆ ಪೊಲೀಸ್ ಠಾಣೆಯಿಂದ ಕರೆ ಬಂತು. ಅಲ್ಲಿದ್ದವರು ಈ ಕಡೆಯವರೇ; ನಕ್ಕು, ಚಹಾ ಕುಡಿಸಿ ಕಳಿಸಿದರಂತೆ. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ತುಂಡು ಫೋನಿನಿಂದ ಫೋನಿಗೆ ಹಾರಿ ಹಳ್ಳಿ ಸೇರಿತು. ಠಾಣಾ ಕುಶನೂರು ಎಂಬ ಊರಿನ ಹಾದಿಯಲ್ಲಿ ಕೆಲವು ಹುಡುಗರು ಆಟೊ ಅಡ್ಡಗಟ್ಟಿ, ಆ ಮಾತು ಇನ್ನೊಮ್ಮೆ ಅನ್ನು ಎಂದು ಮುಖಕ್ಕೆ ಫೋನು ಹಿಡಿದರು. ಚಾಚಾ ಅನ್ನಲಿಲ್ಲ. ಹುಡುಗರು ಮೈಕಿನ ವಾಯರು ಕಿತ್ತರು, ಬೆನ್ನಿಗೆ ಎರಡು ಗುದ್ದಿದರು. ಹೊರಗಿನ ಹುಡುಗರೇನಲ್ಲ, ಅವರಲ್ಲಿ ಒಬ್ಬನ ತಂಗಿಯ ಮದುವೆಗೆ ಏಲಾನ್ ಮಾಡಿದ್ದು ಚಾಚಾನೇ. ನರ್ಸಬಾಯಿ ಸೋತರು. ಬೀಗ ಹಾಗೇ ಉಳಿಯಿತು.

ಫಲಿತಾಂಶ ಬಂದ ಮೇಲೆ ನಾನು ಅವರ ಮನೆಗೆ ಹೋದೆ. ಆ ಹುಡುಗರಿಗೆ ತಿಳಿವಳಿಕೆ ಇಲ್ಲ ಚಾಚಾ, ಅರ್ಥ ಗೊತ್ತಾಗದೆ ಹೀಗಾಯಿತು ಎಂದು ಸಮಾಧಾನದ ಮಾತು ಆಡಿದೆ. ಅವರು ತಲೆ ಅಲ್ಲಾಡಿಸಿದರು.

"ಅವರಿಗಿ ಅರ್ಥ ಗೊತ್ತಿಲ್ಲಂದ್ರ ನಾ ಕುಂಡ್ರಿಸಿಕೊಂಡು ಹೇಳ್ತಿದ್ದೆ ಬೇಟಾ. ನಾ ಏನಂದೆ ಅಂತ ಅವರಿಗಿ ಗೊತ್ತದ. ಗೊತ್ತಿದ್ದೂ ಹೊಡದ್ರಲ್ಲಾ... ಅದಕ್ಕೇ ನಂಗ ಹೆದರಿಕಿ."

ಮತ್ತೆ ಅವರು ಮೈಕು ಮುಟ್ಟಲಿಲ್ಲ. ಅದೇ ಆಟೊದಲ್ಲಿ ತರಕಾರಿ ಸಾಗಿಸಿದರು. ಊರಿನ ಸಾವು ನೋವು ವಾಟ್ಸಪ್ಪಿಗೆ ಹೋದವು. ನಾನೂ ಮದುವೆಯಾಗಿ ಬೀದರಿಗೆ ಬಂದೆ. ಒಮ್ಮೆ ಹಬ್ಬಕ್ಕೆ ಹೋದಾಗ ಚಾಚಾ ತಮ್ಮ ಬಾಗಿಲಲ್ಲಿ ಕುಳಿತಿದ್ದರು, ಗಡ್ಡ ಪೂರ್ತಿ ಬೆಳ್ಳಗೆ, ಅರ್ಧ ಇಳಿದುಹೋಗಿದ್ದರು. ನಾನು ಹತ್ತಿರ ಹೋಗಿ ನಿಂತೆ. "ನನ್ನ ಖೂ..." ಎಂದವರು ಅಲ್ಲೇ ತಡೆದು, ಓಣಿಯ ಆ ತುದಿ ಈ ತುದಿ ನೋಡಿ, "ಗುರುತು ಸಿಕ್ತೇನು ಬೇಟಾ?" ಎಂದರು. ತಮ್ಮದೇ ಹೊಸ್ತಿಲ ಮೇಲೆ ಕುಳಿತು... ನನಗೆ ಅಳು ಬಂತು. ಆ ವರ್ಷವೇ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಈಗ ಮತ್ತೆ ಚುನಾವಣೆ. ಟಿವಿಯಲ್ಲಿ ಯಾರೋ ಅಭ್ಯರ್ಥಿ ಇಡ್ಲಿಗೆ ಸಕ್ಕರೆ ಹಾಕಿಕೊಂಡದ್ದರ ಬಗ್ಗೆ ಎರಡು ದಿನದಿಂದ ಚರ್ಚೆ. ಜನ ನಗುತ್ತಾರೆ, ನನಗೆ ನಗು ಬರುವುದಿಲ್ಲ. ಇಂಥ ಮೋಜಿನ ಬೆಲೆ ಎಲ್ಲಿ ಯಾರ ಬೆನ್ನ ಮೇಲೆ ಬೀಳುತ್ತದೋ ಎಂದುಕೊಂಡು ಟಿವಿ ಆರಿಸಿಬಿಡುತ್ತೇನೆ.

ನಿನ್ನೆ ಭಾಲ್ಕಿಯಿಂದ ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ ನನ್ನ ಮುಖ ನೋಡಿ, ಬಾಯಿ ತುಂಬ ನಕ್ಕು, ಬಸ್ಸಿಗೆಲ್ಲ ಕೇಳುವ ಹಾಗೆ, "ಯವ್ವಾ, ನನ್ನ ಖೂನ ಸಿಗಲಿಲ್ಲೇನು?" ಎಂದಳು. ಅವ್ವನ ದೂರದ ಅಕ್ಕ, ನನ್ನನ್ನು ಎತ್ತಿ ಆಡಿಸಿದವಳು. ಗುರುತು ಸಿಕ್ಕಿತ್ತು. ಆದರೆ ಸಿಕ್ತು ಎನ್ನುವ ಮೊದಲು ನಾನು ಹಿಂದೆ ಮುಂದೆ ನೋಡಿದೆ, ಯಾರಾದರೂ ಫೋನು ಎತ್ತಿ ಹಿಡಿದಿದ್ದಾರೆಯೇ ಎಂದು.